ತೋರಿಸೋಕೆ ಏನೂ ಇಲ್ಲದ ದಿನ

ನಮ್ಮ ಕಡೆ ಡಾಕ್ಟರ ಹತ್ತಿರ ಹೋಗುವುದಕ್ಕೆ 'ತೋರಿಸಿಕೊಂಡು ಬರೋದು' ಅನ್ನುತ್ತಾರೆ. ಜ್ವರ ತೋರಿಸುತ್ತೇವೆ, ಮಂಡಿನೋವು ತೋರಿಸುತ್ತೇವೆ. ತೋರಿಸೋಕೆ ಏನೂ ಇಲ್ಲದವನು ಹೋಗಿ ಏನು ಮಾಡಬೇಕು? ಬೀರೂರಿನ ಯಾವುದಾದರೂ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು, ಪಕ್ಕದವರು 'ಏನಾಗಿದೆ?' ಎಂದಾಗ 'ಏನೂ ಇಲ್ಲ, ಸುಮ್ಮನೆ ಬಂದೆ' ಅಂದು ನೋಡಿ. ದುಡ್ಡು ಹೆಚ್ಚಾದವನೋ, ಹೇಳಿಕೊಳ್ಳಲಾಗದ ಕಾಯಿಲೆಯವನೋ ಎಂಬ ನೋಟ ಬೀಳುತ್ತದೆ. ಒಮ್ಮೆ ನಾನು ಇದೇ ಉತ್ತರವನ್ನು ಡಾಕ್ಟರಿಗೇ ಕೊಟ್ಟೆ. ಅವರು ಪೆನ್ನು ಕೆಳಗಿಟ್ಟು, ಬಾಗಿಲಾಚೆಯ ಸಾಲನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಅಷ್ಟು ಜನ ಕೆಮ್ಮುತ್ತಾ ಕಾಯುತ್ತಿರುವಾಗ ಅವರಾದರೂ ಏನು ಮಾಡಿಯಾರು.

ಆದರೆ ಬಿಪಿ ಏರಿದವನಿಗೂ ತೋರಿಸೋಕೆ ಏನೂ ಇರುವುದಿಲ್ಲ. ಶುಗರ್ ಏರಿದವನಿಗೂ ವರ್ಷಗಟ್ಟಲೆ ಇರದಿರಬಹುದು. ಉಣ್ಣುತ್ತಾನೆ, ತೋಟಕ್ಕೆ ಹೋಗುತ್ತಾನೆ, ಮಂಡಿಯಲ್ಲಿ ರೇಟಿಗೆ ಜಗಳವಾಡುತ್ತಾನೆ. ಒಳಗೆ ಕಿಡ್ನಿ, ಕಣ್ಣಿನ ಅಕ್ಷಿಪಟಲ, ಮಿದುಳಿನ ರಕ್ತನಾಳಗಳು ಸವೆಯುತ್ತಿರುತ್ತವೆ. ಕೊನೆಗೊಂದು ಬೆಳಗ್ಗೆ ತೋರಿಸುವಂಥದ್ದು ಬಂದಾಗ ಅದು ಲಕ್ವವಾಗಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ವಯಸ್ಕರಲ್ಲಿ ಶೇ 35ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ. ಇಂಥ ಕಾಯಿಲೆಗಳ ಮುಂದೆ 'ಏನಾದರೂ ಆದರೆ ಹೋಗೋಣ' ಎಂಬ ಲೆಕ್ಕ ನಡೆಯುವುದಿಲ್ಲ. ತಾರೀಕು ನೋಡಿ ಹೋಗಬೇಕು.

ತಾರೀಕು ನೋಡಿ ಹೋಗುವುದು ನಮ್ಮೂರಿಗೆ ಹೊಸದೇನಲ್ಲ. ಬೀರೂರು ಜಂಕ್ಷನ್. ಇಲ್ಲಿ ಹಾದುಹೋಗುವ ರೈಲಿನ ಚಾಲಕನಿಗೆ 45 ವರ್ಷ ಆಗುವವರೆಗೆ ನಾಲ್ಕು ವರ್ಷಕ್ಕೊಮ್ಮೆ, 55ರವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ವೈದ್ಯಕೀಯ ತಪಾಸಣೆ ಇದೆ. ಕಣ್ಣು ಚೆನ್ನಾಗಿದೆಯೆಂದು ಅವನು ಎಷ್ಟು ಹೇಳಿದರೂ ಇಲಾಖೆ ಕೇಳುವುದಿಲ್ಲ, ಡಾಕ್ಟರ್ ಹೇಳಬೇಕು. ಬೋಗಿಯ ಗಾಲಿಗೂ ಅದೇ ನಿಯಮ: ಹಿಂದೆಲ್ಲ ಸುತ್ತಿಗೆಯಿಂದ ಬಡಿದು, ಸದ್ದು ಒಡಕಾಗಿದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದರು. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ದನಗಳನ್ನು ಬಿಡಿ, ನಮ್ಮ ಮನೆ ಕೊಟ್ಟಿಗೆಯ ಹಸುವಿಗೂ ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಸರದಿ. 'ನಿನಗೇನಾಗಿದೆ?' ಎಂದು ಅದನ್ನು ಯಾರೂ ಕೇಳುವುದಿಲ್ಲ. ಸರದಿ ಇಲ್ಲದವನು ಹಗ್ಗ ಹಿಡಿದು ನಿಂತ ಯಜಮಾನ.

ಸರದಿ ಇಲ್ಲದವನನ್ನು ಆಸ್ಪತ್ರೆಗೆ ಓಡಿಸುವುದು ಭಯ. ಕಡೂರು ದಾಟಿ ಬಾಣಾವರಕ್ಕೆ ಬಂದರೆ ಹಾಸನ ಜಿಲ್ಲೆ. 2025ರ ಜೂನ್ ಹೊತ್ತಿಗೆ ಆ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದು, ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಜನ ಸಾಲುಗಟ್ಟಿದರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗಲೂ ಹೀಗೇ ಆಗಿತ್ತು. ಹಾಸನದ ಸಾವುಗಳನ್ನು ಪರಿಶೀಲಿಸಿದ ಸರ್ಕಾರಿ ಸಮಿತಿ, ಹೃದಯಾಘಾತಗಳು ಅಸಹಜವಾಗಿ ಹೆಚ್ಚಿಲ್ಲ ಎಂದಿತು. ಸುದ್ದಿ ತಣ್ಣಗಾಯಿತು, ಸಾಲೂ ಕರಗಿತು. ಆ ಸಾಲಿನಲ್ಲಿ ನಿಂತು ಇಸಿಜಿ ಸರಿಯಿದೆ ಎನ್ನಿಸಿಕೊಂಡವರು ಅದನ್ನು ಬದುಕಿಡೀ ನಡೆಯುವ ಸರ್ಟಿಫಿಕೇಟೆಂದು ಎತ್ತಿಟ್ಟರೋ ಏನೋ. ಇಸಿಜಿ ಹೇಳುವುದು ಆ ಗಳಿಗೆಯ ಮಾತು.

ತಾರೀಕು ನೋಡಿ ಹೋಗಬೇಕು ಎಂಬ ಮಾತಿಗೊಂದು ಗಟ್ಟಿ ಆಕ್ಷೇಪಣೆ ಇದೆ, ಮರೆಮಾಚಬಾರದು. ಆರೋಗ್ಯವಂತರನ್ನು ಕರೆದು ಒಟ್ಟಾರೆ ತಪಾಸಣೆ ಮಾಡಿದ 17 ಪ್ರಯೋಗಗಳನ್ನು, ಸುಮಾರು 2.5 ಲಕ್ಷ ಜನರ ಲೆಕ್ಕವನ್ನು, ಕಾಕ್ರೇನ್ ಸಂಸ್ಥೆಯ ಸಂಶೋಧಕರು 2019ರಲ್ಲಿ ಒಟ್ಟುಗೂಡಿಸಿ ನೋಡಿದರು. ತಪಾಸಣೆಯಿಂದ ಸಾವಿನ ಪ್ರಮಾಣ ಇಳಿದದ್ದು ಕಾಣಲಿಲ್ಲ. ಅರವತ್ತು ಪರೀಕ್ಷೆ, ಹಬ್ಬದ ರಿಯಾಯಿತಿ ಎಂದು ಪ್ಯಾಕೇಜ್ ಮಾರುವವರು ಇದನ್ನು ಬೋರ್ಡಿನಲ್ಲಿ ಬರೆಯುವುದಿಲ್ಲ. ಅರವತ್ತು ಪರೀಕ್ಷೆ ಮಾಡಿದರೆ ಒಂದೋ ಎರಡೋ ಕೆಂಪಕ್ಷರದಲ್ಲಿ ಬಂದೇ ಬರುತ್ತವೆ. ಅದರ ಬೆನ್ನು ಹತ್ತಿ ಶಿವಮೊಗ್ಗಕ್ಕೆ ಎರಡು ಸಲ, ಬೆಂಗಳೂರಿಗೆ ಒಂದು ಸಲ. ಆದರೆ ಆ ಪ್ರಯೋಗಗಳು ನಡೆದದ್ದು ಬಹುಪಾಲು ಯುರೋಪ್, ಅಮೆರಿಕಗಳಲ್ಲಿ. ಅಲ್ಲಿ ನೆಗಡಿಗೆಂದು ಹೋದವನ ಬಿಪಿಯನ್ನೂ ಮನೆ ಡಾಕ್ಟರ್ ನೋಡಿ ಬರೆದಿಟ್ಟಿರುತ್ತಾನೆ. ಕರೆದು ಹೊಸದಾಗಿ ಹುಡುಕುವಂಥದ್ದು ಕಡಿಮೆ. ನಮ್ಮಲ್ಲಿ ಎಷ್ಟೋ ಜನ ತಮ್ಮ ಬಿಪಿಯ ಅಂಕಿಯನ್ನು ಮೊದಲ ಸಲ ಕೇಳುವುದು ಸ್ಟ್ರೆಚರ್ ಮೇಲೆ. ಆದ್ದರಿಂದ ನಾನು ಪ್ಯಾಕೇಜಿನ ಪರ ವಾದಿಸುತ್ತಿಲ್ಲ. ಬೇಕಾದದ್ದು ನಾಲ್ಕೈದು ಅಗ್ಗದ ನೋಟಗಳು, ಆದಷ್ಟು ಒಂದೇ ಕೈಯಲ್ಲಿ, ಹೋದ ವರ್ಷದ ಅಂಕಿಯ ಪಕ್ಕದಲ್ಲಿ ಈ ವರ್ಷದ್ದು. ಬಿಪಿಯ ಮೇಲಿನ ಅಂಕಿ 138 ಒಂದೇ ಇದ್ದರೆ ಅದು ಹೆಚ್ಚೇನೂ ಹೇಳದು. 118, 126, 138 ಎಂದು ಸಾಲಾಗಿದ್ದರೆ ಹೇಳುತ್ತದೆ.

ಆ ನೋಟಗಳಲ್ಲಿ ಬಾಯಿಯದು ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. ಬೀರೂರು, ತರೀಕೆರೆ, ಅಜ್ಜಂಪುರಗಳ ಎಷ್ಟೋ ಮನೆ, ಮದುವೆ, ಮಕ್ಕಳ ಓದು ಅಡಿಕೆಯ ದುಡ್ಡಿನಲ್ಲಿ ನಡೆದಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಪಟ್ಟಿಗೆ ಸೇರಿಸಿದಾಗಿನಿಂದ ಬೆಳೆಗಾರರಿಗೆ ಆ ಮಾತು ಹಿಡಿಸಿಲ್ಲ. ಆ ಜಗಳ ನಡೆಯಲಿ. ಎಲೆಯಡಿಕೆಯೋ ಗುಟ್ಕಾವೋ ಹಾಕುವವರು ಮಾತ್ರ ಕನ್ನಡಿ ಮುಂದೆ ನಿಂತು ಮೂರು ಬೆರಳನ್ನು ನೆಟ್ಟಗೆ ಬಾಯಿಗಿಟ್ಟು ನೋಡಲಿ. ಮೂರೂ ಹಿಡಿಸದಿದ್ದರೆ, ಸಾರಿನ ಖಾರ ಈಚೆಗೆ ಉರಿಯುತ್ತಿದ್ದರೆ, ಕೆನ್ನೆಯೊಳಗೆ ಬಿಳಿ ಮಚ್ಚೆ ಇದ್ದರೆ, ಅದು ತೋರಿಸುವಂಥದ್ದೇ. ತಿರುವನಂತಪುರ ಜಿಲ್ಲೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬರಿಗಣ್ಣಿನಿಂದ ಬಾಯಿ ನೋಡುತ್ತಾ ಬಂದರು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ತಗ್ಗಿತು ಎಂದು 2005ರಲ್ಲಿ ವರದಿಯಾಯಿತು. ಮುಂಬೈಯಲ್ಲಿ ಟಾಟಾ ಆಸ್ಪತ್ರೆಯವರು ಇದೇ ಬಗೆಯಲ್ಲಿ, ವಿನೆಗರ್‌ನಂಥ ದ್ರಾವಣ ಸವರಿ ಗರ್ಭಕೊರಳನ್ನು ಎರಡು ವರ್ಷಕ್ಕೊಮ್ಮೆ ನೋಡಿ, ಆ ಕ್ಯಾನ್ಸರಿನ ಸಾವನ್ನು ಶೇ 31ರಷ್ಟು ಇಳಿಸಿದರು. ಎರಡರಲ್ಲೂ ದೊಡ್ಡ ಯಂತ್ರವಿಲ್ಲ. ಮತ್ತೆ ಮತ್ತೆ ನೋಡಿದ್ದೇ ಕೆಲಸ ಮಾಡಿತು.

ಈಗ 30 ದಾಟಿದ ಎಲ್ಲರಿಗೂ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕೊರಳು ಇಷ್ಟನ್ನು ನೋಡುವ ಸರ್ಕಾರಿ ಕಾರ್ಯಕ್ರಮವಿದೆ, ದುಡ್ಡು ಕೊಡಬೇಕಾಗಿಲ್ಲ. ಕಳೆಯುವುದು ಅರ್ಧ ದಿನದ ಕೂಲಿ, ಅದೇನು ಸಣ್ಣದಲ್ಲ. ಸಂಜೆ ಹೊತ್ತು, ಸಂತೆ ದಿನ ನೋಡುವಂತಿದ್ದರೆ ಬರುವವರು ಹೆಚ್ಚಿಯಾರು.

'ನಮ್ಮ ಜನ ಕಾಯಿಲೆ ಇಲ್ಲದೆ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ' ಎನ್ನುವ ಮಾತನ್ನು ಮಾತ್ರ ನಾನು ನಂಬುವುದಿಲ್ಲ. ಬಸುರಿ ಹೆಂಗಸಿಗೆ ಯಾವ ಕಾಯಿಲೆ ಇದೆ? ತಿಂಗಳು ತಿಂಗಳು ಹೋಗುತ್ತಾಳೆ. ತೂಕ, ಬಿಪಿ, ರಕ್ತ, ಎಲ್ಲ ತಾಯಿ ಕಾರ್ಡಿನಲ್ಲಿ ಸಾಲಾಗಿ ಏರುತ್ತವೆ. ಅತ್ತೆಯೇ ನೆನಪಿಸಿ ಕಳಿಸುತ್ತಾಳೆ, ತಪ್ಪಿದರೆ ಆಶಾ ಕಾರ್ಯಕರ್ತೆ ಬಾಗಿಲಿಗೆ ಬರುತ್ತಾಳೆ. ಯಾರೂ 'ಏನಾಗಿದೆ?' ಎನ್ನುವುದಿಲ್ಲ. ಹೆರಿಗೆಯಾದ ಮೇಲೆ ಆ ಕಾರ್ಡಿನಲ್ಲಿ ಮಗುವಿನ ಲಸಿಕೆಯ ಕಾಲಂಗಳಷ್ಟೇ ತುಂಬುತ್ತವೆ. ಬೀರುವಿನಲ್ಲಿ ಆಸ್ತಿಪತ್ರದ ಜೊತೆ ಅದನ್ನು ಜೋಪಾನ ಮಾಡಿದ ಅಕ್ಕಂದಿರಿಗೆ ಈಗ ಐವತ್ತು. 'ಕೊನೇ ಸಲ ಬಿಪಿ ನೋಡಿಸಿದ್ದು ಯಾವಾಗ?' ಅಂದರೆ ಮಗನ ವಯಸ್ಸು ಲೆಕ್ಕ ಹಾಕಿ ಹೇಳುತ್ತಾರೆ.