ಮೇದೋಜೀರಕ ಶಸ್ತ್ರಚಿಕಿತ್ಸೆ: ಮನೆಗೆ ಮರಳಿದ ಮೇಲಿನ ಹೊಣೆ ಯಾರದು?

ಬೆಂಗಳೂರು: ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆ ಒಂದು ಕಾಲದಲ್ಲಿ ನುರಿತ ವೈದ್ಯರೂ ಹಿಂಜರಿಯುತ್ತಿದ್ದ ಸಾಹಸವಾಗಿತ್ತು. ಗ್ರಂಥಿಯ ತಲೆಭಾಗ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶಗಳನ್ನು ತೆಗೆದು ಉಳಿದುದನ್ನು ಕರುಳಿಗೆ ಜೋಡಿಸುವ ಈ ವಿಧಾನಕ್ಕೆ, ಅದನ್ನು 1935ರಲ್ಲಿ ಪ್ರಕಟಿಸಿದ ಅಮೆರಿಕದ ಅಲೆನ್ ವಿಪ್ಪಲ್ ಅವರ ಹೆಸರೇ ಉಳಿದಿದೆ. ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆಯಂತಹ ಸರ್ಕಾರಿ ಕೇಂದ್ರಗಳಷ್ಟೇ ಅಲ್ಲ, ರಾಜಾಜಿನಗರ, ಕೆಂಗೇರಿಗಳ ದೊಡ್ಡ ಖಾಸಗಿ ಆಸ್ಪತ್ರೆಗಳೂ ಇಂದು ಇದನ್ನು ಕೈಗೊಳ್ಳುತ್ತಿವೆ. ತುಮಕೂರು, ರಾಮನಗರ, ಮಂಡ್ಯದ ಕಡೆಯ ರೋಗಿಗಳಿಗೆ ನಗರದ ಪಶ್ಚಿಮ ಭಾಗವೇ ಹತ್ತಿರ.

ಅನುಭವಿ ಕೇಂದ್ರಗಳಲ್ಲಿ ಈ ಶಸ್ತ್ರಚಿಕಿತ್ಸೆಯಿಂದಾಗುವ ಸಾವಿನ ಪ್ರಮಾಣ ಶೇ 5ಕ್ಕಿಂತ ಕೆಳಗಿಳಿದಿದೆ. ಆದರೆ ತೊಡಕುಗಳು ಅಷ್ಟಾಗಿ ಇಳಿದಿಲ್ಲ. ಮೂವರಲ್ಲಿ ಒಬ್ಬರಿಗಾದರೂ ಒಂದಲ್ಲ ಒಂದು ತೊಂದರೆ ಎದುರಾಗುತ್ತದೆ. ಅವುಗಳಲ್ಲಿ ಅತ್ಯಂತ ಭಯಾನಕವಾದುದು ಜೋಡಣೆಯ ಸ್ಥಳದಲ್ಲಿ ಆಗುವ ಸೋರಿಕೆ. ಆಹಾರವನ್ನು ಜೀರ್ಣಿಸಬೇಕಾದ ರಸವು ರಕ್ತನಾಳದ ಗೋಡೆಯನ್ನೇ ಕರಗಿಸತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಭಾರೀ ರಕ್ತಸ್ರಾವಕ್ಕೆ ಮುನ್ನ ಹೊಟ್ಟೆಗೆ ಹಾಕಿದ ನಳಿಕೆಯಲ್ಲಿ ತುಸುವೇ ರಕ್ತ ಕಾಣಿಸಿಕೊಂಡು ನಿಂತುಬಿಡುವುದುಂಟು. ಅದನ್ನು ರಾತ್ರಿ ಪಾಳಿಯ ದಾದಿ ಯಾರಿಗೆ ತಿಳಿಸಬೇಕು, ತಿಳಿದವರು ಮುಂದೇನು ಮಾಡಬೇಕು? ಉತ್ತರವು ಅಂದು ಕರ್ತವ್ಯದಲ್ಲಿರುವವರ ಅನುಭವವನ್ನು ಅವಲಂಬಿಸಿರಬಾರದು ಎಂಬುದೇ ನಿಗದಿತ ಆರೈಕೆ ಕ್ರಮದ ತಿರುಳು.

ಇದು ಬರಿಯ ತರ್ಕವಲ್ಲ. ನೆದರ್ಲೆಂಡ್ಸ್‌ನ 17 ಕೇಂದ್ರಗಳ 1,748 ರೋಗಿಗಳ ಅಧ್ಯಯನ 2022ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರತಿದಿನ ರೋಗಿಯ ಸ್ಥಿತಿಯನ್ನು ಮೊಬೈಲ್ ತಂತ್ರಾಂಶದಲ್ಲಿ ದಾಖಲಿಸಿ, ಸ್ಕ್ಯಾನಿಂಗ್ ಯಾವಾಗ, ಕೀವು ಹೊರತೆಗೆಯುವುದು ಯಾವಾಗ, ನಳಿಕೆ ತೆಗೆಯುವುದು ಯಾವಾಗ ಎಂಬುದಕ್ಕೆ ಒಂದೇ ನಿಯಮ ಅನುಸರಿಸಲಾಯಿತು. ತೀವ್ರ ರಕ್ತಸ್ರಾವ, ಅಂಗವೈಫಲ್ಯ ಅಥವಾ 90 ದಿನಗಳೊಳಗಿನ ಸಾವು ಶೇ 14ರಿಂದ ಶೇ 8ಕ್ಕೆ ಇಳಿಯಿತು. ಸಾವು ಮಾತ್ರವೇ ಶೇ 5ರಿಂದ ಶೇ 3ಕ್ಕೆ. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಅಲ್ಲಿ ವರ್ಷಕ್ಕೆ ಕನಿಷ್ಠ 20 ವಿಪ್ಪಲ್ ಶಸ್ತ್ರಚಿಕಿತ್ಸೆ ನಡೆಸುವ ಕೇಂದ್ರಗಳಿಗಷ್ಟೇ ಅವಕಾಶ, ನಮ್ಮಲ್ಲಿ ಅಂತಹ ಕಡ್ಡಾಯವಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು.

'ಇರಾಸ್' ಎಂದು ಪರಿಚಿತವಾದ ತ್ವರಿತ ಚೇತರಿಕೆಯ ಮಾರ್ಗಸೂಚಿ ಈ ಶಸ್ತ್ರಚಿಕಿತ್ಸೆಗೆಂದೇ 2012ರಲ್ಲಿ ಹೊರಬಂದು, 2020ರಲ್ಲಿ ಪರಿಷ್ಕೃತವಾಗಿದೆ. ದಿನಗಟ್ಟಲೆ ಉಪವಾಸ ಬೇಡ, ಬೇಗನೆ ನಡೆಸಿ, ಮೂಗಿನ ನಳಿಕೆಯನ್ನು ವಾಡಿಕೆಯೆಂದು ಉಳಿಸಬೇಡಿ, ಸೋರಿಕೆಯ ಅಪಾಯ ಕಡಿಮೆಯಿದ್ದರೆ ಹೊಟ್ಟೆಯ ನಳಿಕೆಯನ್ನು 3 ದಿನಗಳೊಳಗೆ ತೆಗೆಯಿರಿ ಎನ್ನುತ್ತದೆ ಅದು. ಎಲ್ಲವೂ ಸರಿಯೇ. ಆದರೆ ಪ್ಯಾಕೇಜ್ ದರ ಮೊದಲೇ ನಿಗದಿಯಾಗಿರುವ ವ್ಯವಸ್ಥೆಯಲ್ಲಿ ರೋಗಿ ಹೆಚ್ಚು ದಿನ ಉಳಿದಷ್ಟೂ ಆಸ್ಪತ್ರೆಗೆ ಹೊರೆ. ಹೀಗಿರುವಾಗ 'ತ್ವರಿತ ಚೇತರಿಕೆ' ಎಂಬುದು 'ತ್ವರಿತ ಬಿಡುಗಡೆ'ಗೆ ಸಭ್ಯ ಹೆಸರಾಗಿಬಿಡುವ ಅಪಾಯವನ್ನು ತಳ್ಳಿಹಾಕಲಾಗದು.

2018ರಲ್ಲಿ ರಾಜ್ಯದ ಯೋಜನೆಯೊಂದಿಗೆ ಬೆಸೆದುಕೊಂಡ ಆಯುಷ್ಮಾನ್ ಭಾರತ್, ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸುತ್ತದೆ. ಈ ಕೇಂದ್ರ ಯೋಜನೆಯಲ್ಲಿ ಬಿಡುಗಡೆಯ ನಂತರದ ವೆಚ್ಚಕ್ಕೆ ಇರುವ ಅವಧಿ 15 ದಿನ. ಡಚ್ ಅಧ್ಯಯನ ಅಳೆದದ್ದು 90 ದಿನಗಳನ್ನು. ಜೀರ್ಣರಸದ ಕೊರತೆಯಿಂದ ಊಟದೊಂದಿಗೆ ನುಂಗಬೇಕಾದ ಕಿಣ್ವದ ಗುಳಿಗೆಗಳು ಹಲವರಿಗೆ ಜೀವನಪರ್ಯಂತ ಬೇಕು. ಕೆಲವರಿಗೆ ಸಕ್ಕರೆ ಕಾಯಿಲೆಯೂ ಹೊಸದಾಗಿ ಅಂಟಿಕೊಳ್ಳುತ್ತದೆ. ಮಾಗಡಿ ಅಥವಾ ಕುಣಿಗಲ್‌ಗೆ ಮರಳಿದ ರೋಗಿಗೆ ಜ್ವರ ಬಂದರೆ, ಊರಿನ ವೈದ್ಯರು ಮಾತ್ರೆ ಕೊಟ್ಟು ಕಳುಹಿಸುವ ಸಂಭವವೇ ಹೆಚ್ಚು. ಅದು ಹೊಟ್ಟೆಯೊಳಗಿನ ಕೀವಿನ ಸೂಚನೆಯಾಗಿರಬಹುದೆಂದು ಅವರಿಗೆ ತಿಳಿಸುವ ಹಾಳೆ ರೋಗಿಯ ಕೈಯಲ್ಲಿರಬೇಕಲ್ಲವೇ?

ಯೋಜನೆಯನ್ನು ನಿರ್ವಹಿಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಹಣ ಬಿಡುಗಡೆಗೆ ಇಂತಹ ಹಾಳೆಯನ್ನೇ ಷರತ್ತಾಗಿಸಬಹುದು. ಕನ್ನಡದಲ್ಲಿ ಒಂದೇ ಪುಟ ಸಾಕು: ಜ್ವರ, ಕಪ್ಪು ಮಲ, ರಕ್ತವಾಂತಿ, ನಿಲ್ಲದ ವಾಂತಿ ಕಂಡರೆ ಎಲ್ಲಿಗೆ ಬರಬೇಕು, ಗುಳಿಗೆಯನ್ನು ಹೇಗೆ ನುಂಗಬೇಕು, ಗುಲ್ಮ ತೆಗೆದಿದ್ದರೆ ಯಾವ ಲಸಿಕೆಗಳು ಬಾಕಿಯಿವೆ, ಮತ್ತು ನಡುರಾತ್ರಿಯಲ್ಲೂ ಯಾರಾದರೂ ಎತ್ತಿಕೊಳ್ಳುವ ಒಂದು ದೂರವಾಣಿ ಸಂಖ್ಯೆ.