ಸುಮ್ಮನಿರುವ ಕೆಲಸ
ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಸ್ಲೋ ಲೋಕಲ್‌ನಲ್ಲಿ ಗಂಟೆಗೂ ಹೆಚ್ಚು. ಅಷ್ಟು ಹೊತ್ತು ಕಿವಿಯಲ್ಲಿ ಕನ್ನಡ ಪಾಡ್‌ಕಾಸ್ಟ್, ಸಂದರ್ಶನಗಳು.

ಜೀ ಕನ್ನಡದ ‘ಸರಿಗಮಪ’ದಿಂದ ಮನೆಮಾತಾದ ಮಂಗಳೂರಿನ ಅನುಶ್ರೀ ತಮ್ಮದೇ ಯೂಟ್ಯೂಬ್ ಚಾನೆಲ್‌ನಲ್ಲಿ ಸಂದರ್ಶನ ಶುರುಮಾಡಿದಾಗ, ‘ಟಿವಿಯಲ್ಲಿ ಹೆಸರು ಮಾಡಿದವರಿಗೆ ಇದ್ಯಾಕೆ?’ ಅಂದುಕೊಂಡಿದ್ದೆ. ಕೇಳುತ್ತಾ ಹೋದಂತೆ ಅರ್ಥವಾಯಿತು. ಟಿವಿ ನಿರೂಪಕರು ಮಾತು ನಿಲ್ಲಲು ಬಿಡುವಂತಿಲ್ಲ, ಜಾಹೀರಾತು ಕಾಯುತ್ತಿರುತ್ತದೆ. ದೀರ್ಘ ಮಾತುಕತೆಯಲ್ಲಿ ಅತಿಥಿ ತಡವರಿಸಿದರೆ ಸುಮ್ಮನೆ ಕಾಯಬೇಕು. ಪಳಗಿದ ಮಾತುಗಾರರಿಗೆ ಅದೇ ಕಷ್ಟ.

ಮೊನ್ನೆ ಊರಿಂದ ಅಮ್ಮ ಫೋನ್ ಮಾಡಿದರು. ಎಂದಿನಂತೆ ‘ಮತ್ತೇನಮ್ಮಾ, ಇಡ್ಲಾ?’ ಎನ್ನದೆ ಸುಮ್ಮನಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ, ‘ಒಬ್ಬಳೇ ಕೂತ್ರೆ ಊಟ ಸೇರಲ್ಲ ಕಣೋ’ ಅಂದರು.

ಈ ಶನಿವಾರಕ್ಕೆ ಊರಿಗೆ ಟಿಕೆಟ್ ಮಾಡಿಸಿದ್ದೇನೆ.