ಬೀಕನ್ ಇಲ್ಲದೆ ಹಿಮ ತುಳಿಯಬಾರದೇ?

ಡಿಸೆಂಬರ್ ಬಂತೆಂದರೆ ನಮ್ಮ ಊರುಗಳಿಂದಲೂ ಹುಡುಗ ಹುಡುಗಿಯರು ಉತ್ತರಾಖಂಡದ ಕೇದಾರಕಂಠ, ಬ್ರಹ್ಮತಾಲ್‌ಗಳತ್ತ ಹೊರಡುತ್ತಾರೆ. ಚಳಿಗಾಲದಲ್ಲಿ ಹಿಮಾಲಯ ಏರುವ ಪ್ರತಿಯೊಬ್ಬರಿಗೂ, ಹಿಮಕುಸಿತದಲ್ಲಿ ಹೂತವರನ್ನು ಹುಡುಕಿ ತೆಗೆಯುವ ಬೀಕನ್, ಚುಚ್ಚುಗೋಲು, ಸಲಿಕೆ ಮತ್ತು ಅವನ್ನು ಬಳಸುವ ತರಬೇತಿಯನ್ನು ಸರ್ಕಾರ ಕಡ್ಡಾಯ ಮಾಡಬೇಕೇ?

ಪರ: ಹೂತವನನ್ನು ಜೊತೆಗಾರನೇ ತೆಗೆಯಬೇಕು

ಹಿಮದಡಿ ಸಿಕ್ಕವರನ್ನು ಹೆಚ್ಚಾಗಿ ಕೊಲ್ಲುವುದು ಚಳಿಯಲ್ಲ, ಉಸಿರುಗಟ್ಟುವುದು. ಹತ್ತು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಆಸೆ ತೀರಾ ಕಡಿಮೆ. ಅಷ್ಟರಲ್ಲಿ ಯಾವ ಹೆಲಿಕಾಪ್ಟರೂ ಬಂದು ಮುಟ್ಟದು.

ಬೀಕನ್ ಅಂಗೈಯಗಲದ ಯಂತ್ರ. ಎದೆಗೆ ಕಟ್ಟಿಕೊಂಡರೆ ಸದಾ ಸಂಕೇತ ಬಿಡುತ್ತಿರುತ್ತದೆ. ಯಾರಾದರೂ ಹೂತುಹೋದರೆ ಉಳಿದವರು ತಮ್ಮದನ್ನು ಹುಡುಕಾಟಕ್ಕೆ ತಿರುಗಿಸುತ್ತಾರೆ. ಪರದೆಯ ಮೇಲೆ ದಿಕ್ಕು, ದೂರ ಕಾಣುತ್ತದೆ. ಅಂಕಿ ತೀರಾ ಚಿಕ್ಕದಾದ ಕಡೆ ಕೋಲು ಚುಚ್ಚುತ್ತಾ ಹೋಗಬೇಕು, ಮೆತ್ತಗೆ ತಗುಲಿದಲ್ಲಿ ಅಗೆಯಬೇಕು. ಉರುಳಿ ನಿಂತ ಹಿಮ ಸಿಮೆಂಟಿನಂತೆ ಗಟ್ಟಿ, ಬರಿಗೈಗೆ ಬಗ್ಗದು.

ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದಿದ್ದರು. ಅದು ಪವಾಡ. ಜೊತೆಗಿದ್ದ ಒಂಬತ್ತು ಮಂದಿ ಉಳಿಯಲಿಲ್ಲ, ಕೊನೆಗೆ ಅವರೂ ಉಳಿಯಲಿಲ್ಲ. ಪವಾಡ ನಂಬಿಕೊಂಡು ಮಕ್ಕಳನ್ನು ಬೆಟ್ಟಕ್ಕೆ ಕಳಿಸಲಾಗದು. ಹೆಲ್ಮೆಟ್ ಕಡ್ಡಾಯ ಮಾಡಿದ ಸರ್ಕಾರಕ್ಕೆ ಇದೇನು ಹೊಸದೇ?

ವಿರೋಧ: ಯಂತ್ರ ಹುಡುಕುತ್ತದೆ, ತಡೆಯುವುದಿಲ್ಲ

ಬೀಕನ್ ಬೇಡವೆನ್ನುವುದಿಲ್ಲ. ಆದರೆ ಅದು ಕೆಲಸಕ್ಕೆ ಬರುವುದು ಎಲ್ಲವೂ ಕೆಟ್ಟ ಮೇಲೆ. ಬಂಡೆಗೆ, ಮರಕ್ಕೆ ಬಡಿದು ಸತ್ತವನಿಗೆ ಅದರಿಂದ ಏನೂ ಆಗದು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಶಿಖರದ ಹಿಮಕುಸಿತದಲ್ಲಿ ಸತ್ತವರು ಪರ್ವತಾರೋಹಣ ಸಂಸ್ಥೆಯೊಂದರ ಶಿಬಿರಾರ್ಥಿಗಳು, ತರಬೇತುದಾರರು. ಬೆಂಗಳೂರಿನವರೂ ಅವರಲ್ಲಿದ್ದರು. ಅಂಥವರಿಗೇ ಹಾಗಾದರೆ, ಎರಡು ದಿನದ ತರಬೇತಿಯ ಪ್ರಮಾಣಪತ್ರ ಕೊಡುವುದು ಸುಳ್ಳು ಧೈರ್ಯವನ್ನು.

ಉಳಿಸುವುದು ಇಳಿಜಾರನ್ನು ಓದುವ ಕಣ್ಣು. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಹೊರಡುತ್ತವೆ. ಅಪಾಯದ ಕಡೆ ಹಿಮದಲ್ಲಿ ಗುಂಡಿ ತೋಡಿ ನೋಡಿದರೆ ಮೇಲೆ ಹಲಗೆಯಂಥ ಗಟ್ಟಿ ಹಿಮ, ಕೆಳಗೆ ಮುಷ್ಟಿಯಲ್ಲಿ ಹಿಡಿದರೂ ಮುದ್ದೆಯಾಗದೆ ರವೆಯಂತೆ ಉದುರುವ ಪದರ. ಆ ರವೆಯ ಮೇಲೆ ಹಲಗೆ ಜಾರುತ್ತದೆ. ಕಾಲಿಟ್ಟಾಗ ಒಳಗಿಂದ 'ಗುಮ್' ಎಂದರೆ ಇನ್ನೊಂದು ಹೆಜ್ಜೆಯೂ ಇಡಬಾರದು. ಇದನ್ನು ಮಾರ್ಗದರ್ಶಿ ಬಲ್ಲವನಾಗಿರಬೇಕು. ಕಡ್ಡಾಯ ಮಾಡುವುದಾದರೆ ಅದನ್ನು ಮಾಡಿ.

ಚಂಡೀಗಢದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. 2025ರ ಫೆಬ್ರುವರಿ 28ರಂದು ಉತ್ತರಾಖಂಡದ ಮಾಣಾದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಎಂಟು ರಸ್ತೆ ಕಾರ್ಮಿಕರು ಸತ್ತರಲ್ಲ, ಆ ಊರಿರುವ ಚಮೋಲಿ ಜಿಲ್ಲೆಗೆ ಹಿಂದಿನ ಸಂಜೆಯೇ ಎಚ್ಚರಿಕೆ ಬಂದಿತ್ತು. ಕೊರತೆ ಯಂತ್ರದ್ದಲ್ಲ, ಎಚ್ಚರಿಕೆ ಕೇಳಿ ಜಾಗ ಬಿಡುವುದರದ್ದು.

ಚಾರಣಕ್ಕೆ ಹಣ ಕಟ್ಟುವ ಮೊದಲು ಆಯೋಜಕರನ್ನು ಒಂದು ಮಾತು ಕೇಳಿ: ಹಿಮ ಕೆಟ್ಟಿದೆಯೆಂದು ಮಾರ್ಗದರ್ಶಿ ಅರ್ಧದಾರಿಯಿಂದ ವಾಪಸ್ ಕರೆತಂದರೆ, ಅವನ ಕೂಲಿ ಕಡಿತವಾಗುತ್ತದೆಯೇ? ಆಗುತ್ತದೆ ಎಂದರೆ ಅವರ ಜೊತೆ ಹೋಗಬೇಡಿ.